ನಿಮಗಿದು ಗೊತ್ತೇ? ಚಿನ್ನದ ಸೀಮೆಯ ಹಾಡುಗಾರ ಜಗನ್ನಾಥದಾಸರು

ಹಟ್ಟಿ ಅಂದ ಕೂಡಲೇ ನೆನಪಾಗೋದು ಚಿನ್ನ. ಸರಿಯೇ! ಕೋಲಾರದ ಗಣಿ 2001ರಲ್ಲಿ ಬಾಗಿಲು ಹಾಕಿತು. ಹಟ್ಟಿಯಲ್ಲಿ ಮಾತ್ರ ಇಂದಿಗೂ ನೆಲದಾಳದಿಂದ ಅದಿರು ಮೇಲೆ ಬರುತ್ತಲೇ ಇದೆ. ಆದರೆ ಹಟ್ಟಿ, ಲಿಂಗಸುಗೂರು, ಮಸ್ಕಿ, ಸಿಂಧನೂರು, ಮಾನ್ವಿ ಸುತ್ತಿನ ಈ ನೆಲ ಕನ್ನಡಕ್ಕೆ ಇನ್ನೊಂದು ಸಂಪತ್ತನ್ನೂ ಕೊಟ್ಟಿದೆ. ಅದು ಹಾಡು!

ಅಮೆರಿಕದಲ್ಲಿ ಕಂಟ್ರಿ ಮ್ಯೂಸಿಕ್ ಅಂತ ಒಂದಿದೆ. ಹಳ್ಳಿಯ ಹಾಡುಗಾರ ಗಿಟಾರ್ ಹಿಡಿದು ತಾನೇ ಪದ ಕಟ್ಟುತ್ತಾನೆ, ತಾನೇ ಧಾಟಿ ಕೂಡಿಸುತ್ತಾನೆ, ತಾನೇ ಹಾಡುತ್ತಾನೆ. ಮನೆ, ದುಡಿಮೆ, ಸಂಕಟ, ದೇವರು ಎಲ್ಲವೂ ಅದರಲ್ಲಿ ಬರುತ್ತವೆ. ಅಂಥ ಹಾಡುಗಾರರು ಇನ್ನೂರೈವತ್ತು ವರ್ಷದ ಹಿಂದೆಯೇ ನಮ್ಮ ರಾಯಚೂರು ಸೀಮೆಯ ಓಣಿ ಓಣಿಯಲ್ಲಿ ತಂಬೂರಿ ಮೀಟುತ್ತಾ ನಡೆದಿದ್ದರು. ಅವರೇ ನಮ್ಮ ಹರಿದಾಸರು!

ಅವರಲ್ಲಿ ಒಬ್ಬರ ಬದುಕಂತೂ ಯಾವ ಸಿನಿಮಾಕ್ಕೂ ಕಡಿಮೆಯಿಲ್ಲ. ಕನ್ನಡದ ಹಾಡನ್ನು ಕಂಡರೆ ಮೂಗು ಮುರಿಯುತ್ತಿದ್ದ ಪಂಡಿತರು, ಕನ್ನಡದಲ್ಲೇ ಹಾಡು ಕಟ್ಟಿ ಮನೆಮಾತಾದರು. ಬನ್ನಿ, ಒಂದೊಂದೇ ಸಂಗತಿ ನೋಡೋಣ.

ಬ್ಯಾಗವಟ್ಟಿನ ಶ್ರೀನಿವಾಸ

ಜಗನ್ನಾಥದಾಸರು ಹುಟ್ಟಿದ್ದು 1728ರಲ್ಲಿ, ಮಾನ್ವಿ ಸೀಮೆಯ ಬ್ಯಾಗವಟ್ ಎಂಬ ಹಳ್ಳಿಯಲ್ಲಿ. ಹುಟ್ಟಿದಾಗ ಇಟ್ಟ ಹೆಸರು ಜಗನ್ನಾಥ ಅಲ್ಲವೇ ಅಲ್ಲ, ಶ್ರೀನಿವಾಸ! ಇಂದು ಜಗತ್ತೆಲ್ಲ ಕರೆಯುವ ಹೆಸರು ಅವರಿಗೆ ಸಿಕ್ಕಿದ್ದು ದೊಡ್ಡವರಾದ ಮೇಲೆ. ಅದೂ ಒಂದು ನದಿಯಲ್ಲಿ! ಆ ಕಥೆ ಮುಂದಿದೆ.

ಅವರ ಮನೆತನದ ಕಸುಬು ಹಾಡುವುದಲ್ಲ, ಲೆಕ್ಕ ಬರೆಯುವುದು. ತಂದೆ ಊರಿನ ಶಾನುಭೋಗರು. ಯಾರ ಹೊಲ ಎಷ್ಟು, ಯಾರ ಕಂದಾಯ ಎಷ್ಟು ಎಂದು ಬರೆದಿಡುವ ಮನೆಯಿಂದ ಇಂಥ ಹಾಡುಗಾರ ಬಂದರು ನೋಡಿ!

ಆ ಕಾಲದ ರಾಯಚೂರು ಸೀಮೆ ಹೇಗಿತ್ತು ಗೊತ್ತೇ? ನಿಜಾಮರ ಆಳ್ವಿಕೆ ಶುರುವಾಗಿದ್ದು 1724ರಲ್ಲಿ. ಸರ್ಕಾರದ ಕಾಗದಪತ್ರ ಪಾರ್ಸಿಯಲ್ಲಿ. ಪಂಡಿತರ ಚರ್ಚೆ ಸಂಸ್ಕೃತದಲ್ಲಿ. ಮನೆ, ಹೊಲ, ಸಂತೆಯ ಮಾತು ಕನ್ನಡದಲ್ಲಿ. ಹರಿದಾಸರು ಆರಿಸಿಕೊಂಡಿದ್ದು ಈ ಕೊನೆಯದನ್ನೇ!

ಹುಡುಗ ಶ್ರೀನಿವಾಸ ಓದಿನಲ್ಲಿ ಬಲು ಚುರುಕು. ಮಂತ್ರಾಲಯ ರಾಯರ ಮಠದ ಪೀಠದಲ್ಲಿದ್ದ ವರದೇಂದ್ರತೀರ್ಥರ ಬಳಿ ಸಂಸ್ಕೃತ ಶಾಸ್ತ್ರಗಳನ್ನು ಓದಿದರು. ಶ್ರೀನಿವಾಸ ಹೋಗಿ ಶ್ರೀನಿವಾಸಾಚಾರ್ಯರಾದರು. ಆ ಗುರುಗಳ ವೃಂದಾವನ ಇರುವುದು ಎಲ್ಲಿ ಗೊತ್ತೇ? ಪುಣೆ ಪಟ್ಟಣದ ನಟ್ಟನಡುವೆ!

ಒಂದು ಊಟ, ಒಂದು ಹೊಟ್ಟೆನೋವು

ಶ್ರೀನಿವಾಸಾಚಾರ್ಯರಿಗೆ ದಾಸರೆಂದರೆ ಅಷ್ಟಕ್ಕಷ್ಟೆ. ವೇದ, ಶಾಸ್ತ್ರದ ಮಾತನ್ನು ಕನ್ನಡದ ಪದದಲ್ಲಿ ಹಾಡುವುದೇ? ಬೀದಿಯಲ್ಲಿ ಕುಣಿಯುವುದೇ? ಅವರಿಗದು ಸರಿ ಕಾಣಲಿಲ್ಲ. ಮುಂದೆ ಇದನ್ನೇ ಬದುಕೆಲ್ಲ ಮಾಡುವವರು ತಾವೇ ಎಂದು ಆಗ ಅವರಿಗೆ ಕನಸಿನಲ್ಲೂ ಹೊಳೆದಿರಲಿಕ್ಕಿಲ್ಲ!

ದಾಸರ ಪರಂಪರೆಯಲ್ಲಿ ಹೇಳುತ್ತಾ ಬಂದ ಕಥೆ ಹೀಗಿದೆ. ಹಿರಿಯರಾದ ವಿಜಯದಾಸರು ಮಾನ್ವಿಗೆ ಬಂದರು. ಆರಾಧನೆಯ ಊಟಕ್ಕೆ ಶ್ರೀನಿವಾಸಾಚಾರ್ಯರನ್ನೂ ಕರೆದರು. ಆಚಾರ್ಯರಿಗೆ ಹೋಗಲು ಮನಸ್ಸಿಲ್ಲ. ಹೊಟ್ಟೆನೋವು ಅಂತ ನೆಪ ಹೇಳಿ ಕಳಿಸಿದರು. ಸುಳ್ಳು ನೆಪ! ಆಮೇಲೆ ನಿಜವಾಗಿಯೇ ಹೊಟ್ಟೆನೋವು ಹಿಡಿಯಿತು!

ಅಂತಿಂಥ ನೋವಲ್ಲ. ಯಾವ ಔಷಧಕ್ಕೂ ಜಗ್ಗಲಿಲ್ಲ. ಕ್ಷೇತ್ರ ಕ್ಷೇತ್ರ ಸುತ್ತಿ ಸೇವೆ ಮಾಡಿದರು. ಕೊನೆಗೆ ಕನಸಿನಲ್ಲಿ ಬಂದ ಸೂಚನೆ ಏನು ಗೊತ್ತೇ? ಯಾರ ಊಟ ಬೇಡವೆಂದಿರೋ ಆ ವಿಜಯದಾಸರ ಬಳಿಗೇ ಹೋಗಿ!

ಹೋದರು. ಆದರೆ ವಿಜಯದಾಸರು ತಾವು ವಾಸಿ ಮಾಡಲಿಲ್ಲ. ಉತ್ತನೂರಿನಲ್ಲಿರುವ ನನ್ನ ಶಿಷ್ಯ ಗೋಪಾಲದಾಸನ ಹತ್ತಿರ ಹೋಗು ಎಂದರು. ಈ ಗೋಪಾಲದಾಸರು ಶ್ರೀನಿವಾಸಾಚಾರ್ಯರಿಗಿಂತ ಎಷ್ಟು ದೊಡ್ಡವರು? ಬರೀ ಆರೇಳು ವರ್ಷ! ದೊಡ್ಡ ಪಂಡಿತರು ಹೆಚ್ಚುಕಡಿಮೆ ತಮ್ಮದೇ ವಯಸ್ಸಿನವರ ಮುಂದೆ ಕೈಮುಗಿದು ನಿಂತರು.

ಗೋಪಾಲದಾಸರು ಕೊಟ್ಟ ಔಷಧ ಯಾವುದು? ಕಷಾಯವಲ್ಲ, ಗುಳಿಗೆಯಲ್ಲ. ಧನ್ವಂತರಿಯನ್ನು ನೆನೆದು ಕೊಟ್ಟ ಜೋಳದ ರೊಟ್ಟಿ! ನಮ್ಮ ಕಡೆ ದಿನಾ ತಟ್ಟುವ ಅದೇ ರೊಟ್ಟಿ. ನೋವು ಓಡಿಹೋಯಿತಂತೆ!

ಕಥೆ ಅಲ್ಲಿಗೆ ಮುಗಿಯಲಿಲ್ಲ. ಶ್ರೀನಿವಾಸಾಚಾರ್ಯರಿಗೆ ಆಯುಷ್ಯ ಕಡಿಮೆ ಇತ್ತು, ಗೋಪಾಲದಾಸರು ತಮ್ಮ ಆಯುಷ್ಯದಿಂದ 40 ವರ್ಷ ತೆಗೆದು ಧಾರೆ ಎರೆದರು ಎಂದು ಭಕ್ತರು ನಂಬುತ್ತಾರೆ. ಈಗ ಇಸವಿಗಳನ್ನು ಇಟ್ಟು ನೋಡಿ. ಗೋಪಾಲದಾಸರು 1762ರಲ್ಲಿ ತೀರಿಕೊಂಡಾಗ ಅವರಿಗೆ ನಲವತ್ತರ ಆಸುಪಾಸು. ಜಗನ್ನಾಥದಾಸರು ಬದುಕಿದ್ದು ಎಂಬತ್ತು ದಾಟುವ ತನಕ. ಮೈ ಜುಮ್ಮೆನ್ನುವುದಿಲ್ಲವೇ?

ನದಿ ಕೊಟ್ಟ ಹೆಸರು

ರೋಗ ಹೋಯಿತು, ಮನಸ್ಸೂ ಬದಲಾಯಿತು. ನನಗೂ ದಾಸದೀಕ್ಷೆ ಬೇಕು ಎಂದರು ಆಚಾರ್ಯರು. ಗೋಪಾಲದಾಸರು ಪಂಢರಪುರದ ದಾರಿ ತೋರಿಸಿದರು. ಅಲ್ಲಿ ಚಂದ್ರಭಾಗಾ ನದಿಯಲ್ಲಿ ಮುಳುಗಿ ಎದ್ದಾಗ ಒಂದು ಶಿಲೆ ಸಿಕ್ಕಿತಂತೆ. ಅದರ ಮೇಲೆ ಕೆತ್ತಿದ್ದ ಹೆಸರು ಜಗನ್ನಾಥವಿಠಲ! ಅಂದಿನಿಂದ ಅವರ ಪ್ರತಿ ಹಾಡಿನ ಕೊನೆಗೂ ಅದೇ ಹೆಸರು.

ಹಾಡಿನ ಕೊನೆಯ ನುಡಿಯಲ್ಲಿ ಬರುವ ಈ ಹೆಸರೇ ಅಂಕಿತ. ಆಗ ಕಾಪಿರೈಟ್ ಕಾನೂನಿಲ್ಲ, ನೋಂದಣಿ ಕಚೇರಿ ಇಲ್ಲ, ಪುಸ್ತಕದ ಮುಖಪುಟ ಇಲ್ಲ. ಆದರೂ ಶತಮಾನಗಳ ಬಳಿಕ ಅನಕ್ಷರಸ್ಥ ಅಜ್ಜಿ ಕೂಡ ಕೊನೆಯ ಸಾಲು ಕೇಳಿ ಇದು ಇಂಥ ದಾಸರ ಹಾಡು ಎಂದು ಹೇಳಬಲ್ಲಳು. ಹಾಡೇ ತನ್ನ ಯಜಮಾನನ ಹೆಸರು ಹೊತ್ತು ತಿರುಗುತ್ತದೆ!

ಅಂಕಿತವನ್ನು ತಾವೇ ಇಟ್ಟುಕೊಳ್ಳುವ ಹಾಗಿಲ್ಲ. ಗುರು ಕೊಡಬೇಕು, ಇಲ್ಲವೇ ಕನಸಿನಲ್ಲೋ ಇನ್ನು ಹೇಗೋ ದೇವರ ದಯೆಯಿಂದ ಸಿಗಬೇಕು ಎಂಬುದು ದಾಸರ ರೂಢಿ. ಅಂಕಿತ ಸಿಗದೆ ಹಾಡು ಕಟ್ಟಲು ಕೂರುವುದು ಅವರಲ್ಲಿ ಸಲ್ಲ!

ಪುರಂದರವಿಠಲ, ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ, ಪ್ರಾಣೇಶವಿಠಲ. ಸಾಲಾಗಿ ಓದಿ ನೋಡಿ, ಎಲ್ಲರ ಬಾಲದಲ್ಲೂ ವಿಠಲ! ಪಂಢರಪುರ ಈಗ ಮಹಾರಾಷ್ಟ್ರದಲ್ಲಿದೆ. ಕನ್ನಡದ ಸಾವಿರಾರು ಹಾಡುಗಳ ಕೊನೆಯಲ್ಲಿ ನಿಂತಿರುವ ದೇವರು ಅಲ್ಲಿಯವನು!

ಹೆಸರಿನ ಮಾತು ಬಂತಲ್ಲ, ಮಸ್ಕಿಯ ಸಂಗತಿಯನ್ನೂ ಕೇಳಿಬಿಡಿ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರ್ ಮಸ್ಕಿಯ ಬಂಡೆಯ ಮೇಲೆ ಹಳೆಯ ಬರಹ ಕಂಡರು. ಅಲ್ಲಿಯ ತನಕ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ ಎಂದಷ್ಟೇ ಇತ್ತು. ಅಶೋಕ ಎಂಬ ಹೆಸರು ಮೊದಲು ಕಣ್ಣಿಗೆ ಬಿದ್ದಿದ್ದು ಇಲ್ಲೇ! ಚಿನ್ನ ಹುಡುಕಲು ಹೋದವರಿಗೆ ಚಕ್ರವರ್ತಿ ಸಿಕ್ಕ!

ಗುರುಗಳ ಗುರು ವಿಜಯದಾಸರು

ಊಟಕ್ಕೆ ಕರೆದ ಆ ವಿಜಯದಾಸರು ಯಾರು? ಅವರೂ ಮಾನ್ವಿ ಸೀಮೆಯವರೇ! ಹುಟ್ಟಿದ್ದು 1682ರಲ್ಲಿ, ತುಂಗಭದ್ರೆಯ ದಡದ ಚೀಕಲಪರ್ವಿಯಲ್ಲಿ. ಮೊದಲ ಹೆಸರು ದಾಸಪ್ಪ. ಮನೆಯಲ್ಲಿ ಕಡುಬಡತನ. ಹುಡುಗ ಮನೆ ಬಿಟ್ಟು ಕಾಶಿಯ ದಾರಿ ಹಿಡಿದ!

ವಿಜಯದಾಸರಿಗೆ ಅಂಕಿತ ಕೊಟ್ಟವರು ಪುರಂದರದಾಸರು ಎನ್ನುತ್ತದೆ ಪರಂಪರೆ. ಪುರಂದರದಾಸರು ತೀರಿಕೊಂಡಿದ್ದು 1564ರಲ್ಲಿ. ವಿಜಯದಾಸರು ಹುಟ್ಟುವುದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲು! ಹಾಗಾದರೆ ಕೊಟ್ಟಿದ್ದು ಹೇಗೆ? ಕನಸಿನಲ್ಲಿ ಬಂದು ನಾಲಗೆಯ ಮೇಲೆ ಬರೆದರಂತೆ!

ಇನ್ನೊಂದು ಲೆಕ್ಕ ಕೇಳಿ ಬೆರಗಾಗಿ. ಪುರಂದರದಾಸರಿಗೆ ಐದು ಲಕ್ಷ ಹಾಡು ಕಟ್ಟುವ ಸಂಕಲ್ಪವಿತ್ತಂತೆ. ಆಗಿದ್ದು 4,75,000. ಉಳಿದ 25,000 ಹಾಡುಗಳನ್ನು ಪೂರೈಸಲು ವಿಜಯದಾಸರು ಹುಟ್ಟಿಬಂದರು ಎಂದು ಭಕ್ತರು ಹೇಳುತ್ತಾರೆ. ಒಬ್ಬರ ಬಾಕಿಯನ್ನು ಇನ್ನೊಬ್ಬರು ಹಾಡಿ ತೀರಿಸಿದರು!

ವಿಜಯದಾಸರು ಸುಳಾದಿಗಳಿಗೆ ಹೆಸರಾದವರು. ಸುಳಾದಿ ಎಂದರೆ ಒಂದೇ ಹಾಡಿನಲ್ಲಿ ತಾಳದ ಮೇಲೆ ತಾಳ ಬದಲಾಗುವ ರಚನೆ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂದು ಒಂದರಿಂದ ಒಂದಕ್ಕೆ ದಾಟಬೇಕು. ಒಂದು ತಾಳ ಕೈಗೆ ಕೂತಿತು ಅನ್ನುವಷ್ಟರಲ್ಲಿ ಮುಂದಿನದು ಬಂದೇಬಿಡುತ್ತದೆ!

ವಿಜಯದಾಸರು ದೇಹ ಬಿಟ್ಟಿದ್ದು 1755ರಲ್ಲಿ, ಚಿಪ್ಪಗಿರಿಯಲ್ಲಿ. ಚಿಪ್ಪಗಿರಿ ಈಗ ಆಂಧ್ರದಲ್ಲಿದೆ. ಗೋಪಾಲದಾಸರ ಉತ್ತನೂರು ತೆಲಂಗಾಣದಲ್ಲಿದೆ. ಜಗನ್ನಾಥದಾಸರ ಮಾನ್ವಿ ನಮ್ಮಲ್ಲಿದೆ. ಒಂದೇ ಗುರುಪರಂಪರೆಯ ಊರುಗಳು ಇವತ್ತು ಮೂರು ರಾಜ್ಯಗಳಲ್ಲಿವೆ. ಹಾಡು ಮಾತ್ರ ಮೂರೂ ಕಡೆ ಕನ್ನಡದ್ದೇ!

ಲೆಕ್ಕ ಹಾಕಿದರೆ ಇನ್ನೊಂದು ಅಚ್ಚರಿ ಸಿಗುತ್ತದೆ. 1755ರಲ್ಲಿ ಶ್ರೀನಿವಾಸಾಚಾರ್ಯರಿಗೆ ಇಪ್ಪತ್ತೇಳು ವರ್ಷ. ಅಂದರೆ ಆ ಊಟ, ಆ ನೆಪ, ಆ ನೋವು ಎಲ್ಲ ನಡೆದಿದ್ದು ಅದಕ್ಕೂ ಮೊದಲು. ಅಷ್ಟು ಚಿಕ್ಕ ವಯಸ್ಸಿಗೇ ಅವರು ಊರು ಬೆರಗಾಗುವ ಪಂಡಿತರಾಗಿದ್ದರು!

ಒಂದೇ ಮನೆಯ ನಾಲ್ವರು

ಗೋಪಾಲದಾಸರು ಹುಟ್ಟಿದ ಊರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲು. ಮೊದಲ ಹೆಸರು ಭಾಗಣ್ಣ. ಅವರಿಗೆ ಮೂವರು ತಮ್ಮಂದಿರು. ಅವರ ಕಥೆ ಏನಾಯಿತು? ಮೂವರೂ ದಾಸರೇ! ಒಬ್ಬೊಬ್ಬರಿಗೂ ಬೇರೆ ಬೇರೆ ಅಂಕಿತ. ಒಂದೇ ತಾಯಿಯ ನಾಲ್ಕು ಮಕ್ಕಳೂ ಹಾಡುಗಾರರು!

ಹೆಣ್ಣುಮಕ್ಕಳಿಗೂ ಅಂಕಿತ ಕೊಟ್ಟರೇ? ಕೊಟ್ಟರು! ರಾಣೆಬೆನ್ನೂರು ಕಡೆಯ ಹೆಳವನಕಟ್ಟೆ ಗಿರಿಯಮ್ಮನವರಿಗೆ ದಾರಿ ತೋರಿದವರು ಇದೇ ಗೋಪಾಲದಾಸರು. ಗಿರಿಯಮ್ಮ ಕಟ್ಟಿದ ಚಂದ್ರಹಾಸನ ಕಥೆಯನ್ನು ಹೆಂಗಸರು ತಲೆಮಾರುಗಳ ಕಾಲ ಬಾಯಿಪಾಠ ಮಾಡಿ ಹಾಡಿದರು. ಹದಿನೆಂಟನೇ ಶತಮಾನದ ಕನ್ನಡ ಹೆಣ್ಣುಮಗಳೊಬ್ಬಳಿಗೆ ತನ್ನದೇ ಹಾಡು, ತನ್ನದೇ ಅಂಕಿತ!

ಒಂದು ಲಕ್ಷ ಮಾತ್ರೆಯ ಹಾಡು

ಈಗ ಜಗನ್ನಾಥದಾಸರ ದೊಡ್ಡ ಕೃತಿಗೆ ಬರೋಣ. ಹೆಸರು ಹರಿಕಥಾಮೃತಸಾರ. ಅವರು ಬರೆದಿದ್ದು 32 ಸಂಧಿ, ಅಂದರೆ 32 ಅಧ್ಯಾಯ. ಭಾಮಿನಿ ಷಟ್ಪದಿಯಲ್ಲಿದೆ. ಕುಮಾರವ್ಯಾಸ ಭಾರತದ ಕಾಳಗವನ್ನೆಲ್ಲ ಯಾವ ಛಂದಸ್ಸಿನಲ್ಲಿ ಹಾಡಿದನೋ ಅದೇ! ಯುದ್ಧ ಹೇಳಿದ ಛಂದಸ್ಸಿನಲ್ಲೇ ಈ ದಾಸರು ಮಧ್ವಸಿದ್ಧಾಂತ ಹೇಳಿದರು.

ಭಾಮಿನಿಯಲ್ಲಿ ಮಾತ್ರೆಯ, ಅಂದರೆ ಅಕ್ಷರ ನುಡಿಯುವ ಹೊತ್ತಿನ, ಲೆಕ್ಕ ಬಲು ಬಿಗಿ. ಆರು ಸಾಲು. ನಾಲ್ಕು ಸಾಲಿಗೆ ತಲಾ 14 ಮಾತ್ರೆ. ಮೂರನೆಯ ಮತ್ತು ಆರನೆಯ ಸಾಲಿಗೆ ತಲಾ 23. ಒಟ್ಟು 102. ಹರಿಕಥಾಮೃತಸಾರದಲ್ಲಿ ಸಾವಿರಕ್ಕೆ ಹತ್ತಿರ ಹತ್ತಿರ ಪದ್ಯಗಳಿವೆ. ಗುಣಿಸಿ ನೋಡಿ, ಒಂದು ಲಕ್ಷ ಮಾತ್ರೆಯ ಆಸುಪಾಸು! ಜೊತೆಗೆ ಪದ್ಯದ ಆರೂ ಸಾಲಿನ ಎರಡನೇ ಅಕ್ಷರ ಪ್ರಾಸ ಕೂಡಬೇಕು!

ಊಟ ಬೇಡವೆಂದು ಶುರುವಾದ ಕಥೆ ಇವರದು, ನೆನಪಿದೆಯಲ್ಲ? ಅದೇ ಕವಿ ಊಟದ ಮೇಲೆಯೇ ಒಂದು ಇಡೀ ಸಂಧಿ ಬರೆದಿದ್ದಾರೆ! ಅದರ ಹೆಸರು ಭೋಜನರಸವಿಭಾಗ ಸಂಧಿ. ತಿನ್ನುವ ಒಂದೊಂದು ಪದಾರ್ಥದಲ್ಲೂ ದೇವರನ್ನು ಕಾಣುವುದು ಹೇಗೆಂದು ಅಲ್ಲಿ ಹೇಳುತ್ತಾರೆ. ಸಾಲದ್ದಕ್ಕೆ ನೈವೇದ್ಯದ ಮೇಲೆ ಇನ್ನೊಂದು ಸಂಧಿ!

ಉಸಿರಿನ ಮೇಲೂ ಒಂದು ಸಂಧಿ ಇದೆ. ಅದು ಶ್ವಾಸ ಸಂಧಿ. ಮನುಷ್ಯ ದಿನಕ್ಕೆ 21,600 ಸಲ ಉಸಿರಾಡುತ್ತಾನೆ ಎಂಬ ನಮ್ಮ ಹಿರಿಯರ ಲೆಕ್ಕ ಅಲ್ಲಿ ಬರುತ್ತದೆ. ಅದನ್ನು ದಿನದ 1,440 ನಿಮಿಷಕ್ಕೆ ಭಾಗಿಸಿ. ನಿಮಿಷಕ್ಕೆ 15! ಸುಮ್ಮನೆ ಕೂತ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ ಅನ್ನುತ್ತಾರೆ ಇವತ್ತಿನ ಡಾಕ್ಟರು. ಲೆಕ್ಕ ಸರಿಯಾಗಿ ಕೂತಿತಲ್ಲ!

ಸಂಸ್ಕೃತದ ಗ್ರಂಥಕ್ಕೆ ಕನ್ನಡದಲ್ಲಿ ಟೀಕೆ ಬರೆಯುವುದು ಎಲ್ಲರಿಗೂ ಗೊತ್ತು. ಇಲ್ಲಿ ಆಗಿದ್ದು ಅದರ ತಿರುವುಮುರುವು. ಕನ್ನಡದ ಹರಿಕಥಾಮೃತಸಾರಕ್ಕೆ ಪಂಡಿತರು ಸಂಸ್ಕೃತದಲ್ಲಿ ವ್ಯಾಖ್ಯಾನ ಬರೆದರು! ಕನ್ನಡದ ಪದವೆಂದು ಹಗುರ ಮಾಡಿದ್ದ ಶ್ರೀನಿವಾಸಾಚಾರ್ಯರ ಬದುಕಿನಲ್ಲಿ ಇದಕ್ಕಿಂತ ದೊಡ್ಡ ತಿರುವು ಬೇಕೇ?

ಕೊನೆಯಲ್ಲಿ ಓದುವ ಫಲಶ್ರುತಿ ಜಗನ್ನಾಥದಾಸರದ್ದಲ್ಲ. ಅದು ಅವರ ಶಿಷ್ಯರಾದ ಕರ್ಜಗಿಯ ದಾಸಪ್ಪನವರದು. ಅವರ ಅಂಕಿತ ಶ್ರೀದವಿಠಲ. ಗುರುವಿನ ಹಾಡಿಗೆ ಶಿಷ್ಯ ಮಂಗಳ ಹಾಡಿದ!

ಪಂಡಿತರಿಗೆ ಷಟ್ಪದಿ ಆಯಿತು. ಹೆಂಗಸರಿಗೆ? ಅವರಿಗಾಗಿ ಬಂತು ತತ್ವಸುವ್ವಾಲಿ. ಇದರದು ತ್ರಿಪದಿಯ ಧಾಟಿ. ಒನಕೆ ಎತ್ತಿ ಕುಟ್ಟುವಾಗ, ಬೀಸುಕಲ್ಲಿನ ಗೂಟ ಹಿಡಿದು ತಿರುಗಿಸುವಾಗ ನಮ್ಮ ತಾಯಂದಿರು ಹಾಡುತ್ತಿದ್ದ ಅದೇ ಮೂರು ಸಾಲಿನ ಪದ. ಒನಕೆ ಮೇಲೇಳುವಾಗ ಒಂದು ಉಸಿರು, ಒರಳಿಗೆ ಬೀಳುವಾಗ ಒಂದು ಸುವ್ವಿ. ಆ ಲಯದಲ್ಲಿ ವೇದಾಂತ! ಸಂಸ್ಕೃತ ಬಲ್ಲ ಪಂಡಿತರು ಒರಳಿನ ಹಾಡಿಗೆ ಬಂದು ಕೂತರು.

ಕೈಯಲ್ಲಿ ಚಿಟಿಕೆ, ಕಾಲಲ್ಲಿ ಗೆಜ್ಜೆ

ದಾಸರ ವಾದ್ಯಮೇಳ ಎಷ್ಟು ದೊಡ್ಡದು? ಒಬ್ಬರ ಮೈಮೇಲೆ ಹಿಡಿಯುವಷ್ಟು! ಹೆಗಲಿಗೆ ತಂಬೂರಿ. ಒಂದು ಕೈ ತಂತಿಗೆ. ಇನ್ನೊಂದು ಕೈಯ ಬೆರಳುಗಳ ನಡುವೆ ಚಿಟಿಕೆ, ಅಂದರೆ ಚಿಕ್ಕ ಬಿಲ್ಲೆ ಕೂಡಿಸಿದ ಎರಡು ಮರದ ತುಂಡು. ಬೆರಳು ಮಡಿಸಿದರೆ ಝಣ್ ಎನ್ನುತ್ತದೆ. ಕಾಲಿಗೆ ಗೆಜ್ಜೆ. ಶ್ರುತಿ, ತಾಳ, ಹೆಜ್ಜೆ, ಹಾಡು ಎಲ್ಲ ಒಬ್ಬರೇ!

ದಾಸರ ಸಂಭಾವನೆ ಎಷ್ಟು? ಒಂದು ಹಿಡಿ ಅಕ್ಕಿ, ಒಂದು ಹಿಡಿ ಜೋಳ! ಹಾಡುತ್ತಾ ಮನೆ ಮನೆ ಮುಂದೆ ಹೋಗಿ ಕಾಳು ಪಡೆಯುವ ಈ ಪದ್ಧತಿಗೆ ಯಾಯಿವಾರ ಎನ್ನುತ್ತಾರೆ. ಅಂದಿನದು ಅಂದಿಗೆ. ನಾಳೆಗೆಂದು ಕೂಡಿಡುವಂತಿಲ್ಲ!

ಇವರ ಹಾಡಿಗೆ ಸ್ವರಲಿಪಿ ಇರಲಿಲ್ಲ. ಪದ ಉಳಿಯಿತು, ಎಷ್ಟೋ ಹಾಡುಗಳ ಮೂಲ ಧಾಟಿ ಉಳಿಯಲಿಲ್ಲ. ಹಾಗಾಗಿ ಒಂದೇ ದೇವರನಾಮ ಲಿಂಗಸುಗೂರಿನಲ್ಲಿ ಒಂದು ರಾಗದಲ್ಲಿ, ಉಡುಪಿಯಲ್ಲಿ ಇನ್ನೊಂದು ರಾಗದಲ್ಲಿ, ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಮತ್ತೊಂದರಲ್ಲಿ! ಎಲ್ಲವೂ ಸರಿಯೇ!

ಲಿಂಗಸುಗೂರಿನ ಸರದಿ

ಜಗನ್ನಾಥದಾಸರ ಹೆಸರಾಂತ ಶಿಷ್ಯರೊಬ್ಬರು ಯಾವ ಊರಿನವರು ಗೊತ್ತೇ? ನಮ್ಮ ಕಸಬೆ ಲಿಂಗಸುಗೂರಿನವರು! ಪ್ರಾಣೇಶದಾಸರು. ಅಂಕಿತ ಪ್ರಾಣೇಶವಿಠಲ. ಅವರ ಶಿಷ್ಯರ ಅಂಕಿತಗಳಲ್ಲೂ ಪ್ರಾಣೇಶ ಎಂಬ ಹೆಸರು ಮುಂದುವರಿಯಿತು. ಹಟ್ಟಿಯವರಿಗೆ ತಾಲ್ಲೂಕು ಕಚೇರಿ ಇರುವ ಊರು ಲಿಂಗಸುಗೂರು. ಹಾಡಿನ ಲೋಕಕ್ಕೆ ಅದೊಂದು ಗುರುಮನೆ!

ಸುತ್ತಮುತ್ತ ಒಮ್ಮೆ ಕಣ್ಣು ಹಾಯಿಸಿ. ಕಲ್ಲೂರಿನಲ್ಲಿ ವ್ಯಾಸವಿಠಲ ಅಂಕಿತದ ಸುಬ್ಬಣ್ಣಾಚಾರ್ಯರು. ಅಸ್ಕಿಹಾಳದಲ್ಲಿ ಗೋವಿಂದದಾಸರು. ಪಕ್ಕದ ಸುರಪುರದಲ್ಲಿ ಕಮಲೇಶವಿಠಲ ಅಂಕಿತದ ಆನಂದದಾಸರು. ಕೃಷ್ಣೆ, ತುಂಗಭದ್ರೆ ಬಯಲಿನ ಇಷ್ಟು ಜಾಗದಲ್ಲಿ ಇಷ್ಟೊಂದು ಹಾಡುಗಾರರು!

ಹಿಂದೂ ಮನೆತನದವರು ಮಾತ್ರ ದಾಸರಾದರು ಅಂದುಕೊಂಡಿರಾ? ಇಲ್ಲ! ರಾಯಚೂರು ಜಿಲ್ಲೆಯ ಬಡೇಸಾಹೇಬರು ಮುಸ್ಲಿಂ ಮನೆಯಲ್ಲಿ ಹುಟ್ಟಿ ರಾಮದಾಸರೆಂದು ಹೆಸರಾದರು. ಕನ್ನಡದಲ್ಲಿ ಕೀರ್ತನೆ ಕಟ್ಟಿದರು. ಈ ನೆಲದಲ್ಲಿ ಹಾಡಿಗೆ ಬಾಗಿಲೇ ಇರಲಿಲ್ಲ!

ಈ ಹಾಡುಗಳು ನಮ್ಮ ಕೈಗೆ ಬಂದಿದ್ದು ಹೇಗೆ? 1850ರಲ್ಲಿ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದವರು ಜರ್ಮನಿಯ ಮಿಷನರಿ ಮೊಗ್ಲಿಂಗ್! ಕ್ರೈಸ್ತ ಪಾದ್ರಿಯ ಕೈಯಿಂದ ಹರಿದಾಸರ ಹಾಡಿಗೆ ಅಚ್ಚಿನ ಭಾಗ್ಯ!

ಆಮೇಲೆ ಇಪ್ಪತ್ತನೇ ಶತಮಾನದಲ್ಲಿ ಆ ಕೆಲಸ ಲಿಂಗಸುಗೂರಿಗೇ ಬಂತು. ಗೊರೆಬಾಳ ಹನುಮಂತರಾಯರು ಹಸ್ತಪ್ರತಿ ಹುಡುಕಿ, ಪಾಠ ತಿದ್ದಿ, ದಾಸರ ಹಾಡುಗಳ ಪುಸ್ತಕಗಳ ಸಾಲನ್ನೇ ಹೊರತಂದರು. ಪ್ರಕಟಿಸಿದ ಸಂಸ್ಥೆ ಶ್ರೀ ವರದೇಂದ್ರ ಹರಿದಾಸ ಸಾಹಿತ್ಯ ಮಂಡಲ. ವರದೇಂದ್ರ ಎಂಬ ಹೆಸರನ್ನು ಮೊದಲೆಲ್ಲೋ ಕೇಳಿದಿರಲ್ಲ? ಜಗನ್ನಾಥದಾಸರ ವಿದ್ಯಾಗುರುಗಳ ಹೆಸರೂ ಅದೇ!

ಸಾಗರದಾಚೆಯೂ ಇದೇ ಕಥೆ

ಅಮೆರಿಕದಲ್ಲೂ ಒಬ್ಬ ಹನುಮಂತರಾಯರಂಥವರಿದ್ದರು. ಹೆಸರು ಎ. ಪಿ. ಕಾರ್ಟರ್. ಗುಡ್ಡಗಾಡಿನ ಊರೂರು ಅಲೆದು ಹಳೆಯ ಹಾಡು ಕೂಡಿಹಾಕಿದರು. ಪದಗಳನ್ನು ಕಾರ್ಟರ್ ಬರೆದುಕೊಂಡರೆ, ಧಾಟಿಯನ್ನು ನೆನಪಿಟ್ಟುಕೊಳ್ಳುವ ಕೆಲಸ ಜೊತೆಗಾರ ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್ ವಾದಕರದು. ಟೇಪ್ ರೆಕಾರ್ಡರ್ ಇಲ್ಲದ ಕಾಲ, ತಲೆಯೇ ಟೇಪ್!

ಕಾರ್ಟರ್ ಕುಟುಂಬದ ಹಾಡು ಮೊದಲ ಸಲ ರೆಕಾರ್ಡ್ ಆಗಿದ್ದು 1927ರ ಆಗಸ್ಟಿನಲ್ಲಿ, ಬ್ರಿಸ್ಟಲ್ ಎಂಬ ಊರಿನಲ್ಲಿ. ಅದೇ ವಾರ, ಅದೇ ಊರಿನಲ್ಲಿ ಜಿಮ್ಮಿ ರಾಜರ್ಸ್ ಕೂಡ ಮೊದಲ ರೆಕಾರ್ಡ್ ಹಾಡಿದರು. ಅಮೆರಿಕದ ಹಳ್ಳಿ ಹಾಡಿನ ಎರಡು ದೊಡ್ಡ ಹೆಸರು ಒಂದೇ ವಾರದಲ್ಲಿ ಹೊರಬಂದವು!

ಗಣಿಯ ಊರಿನವರಿಗೆ ಇದು ಹತ್ತಿರದ ಕಥೆ. ಕಂಟ್ರಿ ಹಾಡುಗಾರ್ತಿ ಲೊರೆಟ್ಟಾ ಲಿನ್ 1932ರಲ್ಲಿ ಅಮೆರಿಕದ ಕೆಂಟಕಿಯ ಒಂದು ಕಲ್ಲಿದ್ದಲು ಗಣಿ ಕಾರ್ಮಿಕರ ಮನೆಯಲ್ಲಿ ಹುಟ್ಟಿದರು. ಎಂಟು ಮಕ್ಕಳಲ್ಲಿ ಎರಡನೆಯವರು. ಗಂಡ ತಂದುಕೊಟ್ಟ 17 ಡಾಲರಿನ ಗಿಟಾರಿನಲ್ಲಿ ತಾವೇ ನುಡಿಸಲು ಕಲಿತರು. ಗಣಿ ಕೆಲಸದವನ ಮಗಳು ನಾನು ಎಂದು 1970ರಲ್ಲಿ ಹಾಡಿದ ಹಾಡು ದೇಶವನ್ನೇ ಗೆದ್ದಿತು. ಆ ಕಥೆಯ ಸಿನಿಮಾದಲ್ಲಿ ನಟಿಸಿದ ಸಿಸ್ಸಿ ಸ್ಪೇಸೆಕ್‌ಗೆ ಆಸ್ಕರ್ ಬಂತು! ನೆಲದಾಳದಲ್ಲಿ ದುಡಿದವರ ಮನೆಯಿಂದಲೂ ಹಾಡು ಮೇಲೆ ಬರುತ್ತದೆ, ಹಟ್ಟಿಯ ಮಕ್ಕಳೇ ಕೇಳಿಸಿಕೊಳ್ಳಿ!

ಮಾನ್ವಿಯ ಕಂಬ

ಜಗನ್ನಾಥದಾಸರು ಮಾನ್ವಿಯಲ್ಲಿ ದೇಹ ಬಿಟ್ಟಿದ್ದು 1809ರಲ್ಲಿ, ಭಾದ್ರಪದ ಶುದ್ಧ ನವಮಿಯಂದು. ಎಂಬತ್ತೊಂದು ವರ್ಷದ ತುಂಬುಬದುಕು! ಗಣೇಶ ಚೌತಿ ಕಳೆದು ಐದನೇ ದಿನಕ್ಕೆ ಅವರ ಆರಾಧನೆ. ಗಣಪತಿ ಹಬ್ಬದ ಗದ್ದಲದಲ್ಲಿ ಮರೆಯಬೇಡಿ!

ಮಾನ್ವಿಗೆ ಹೋದರೆ ಅವರ ಮೂರ್ತಿಗಿಂತ ಮೊದಲು ಏನು ನೋಡಬೇಕು? ಒಂದು ಕಂಬ! ಅವರು ಬದುಕಿದ್ದ ಮನೆಯ ಆ ಕಂಬದಲ್ಲಿ ದಾಸರು ಇಂದಿಗೂ ಇದ್ದಾರೆ ಎಂದು ಭಕ್ತರು ನಂಬುತ್ತಾರೆ. ಪೂಜೆ ಆ ಕಂಬಕ್ಕೇ! ಪ್ರಹ್ಲಾದನ ಕಥೆಯ ಕಂಬ ನಿಮಗೆ ಗೊತ್ತು. ಇದು ಹಾಡುಗಾರನ ಕಂಬ!

ಅವರ ಬದುಕು 2021ರಲ್ಲಿ ಕನ್ನಡ ಸಿನಿಮಾ ಆಗಿಯೂ ತೆರೆಗೆ ಬಂತು. ಹುಟ್ಟಿ ಮೂರು ಶತಮಾನ ಸಮೀಪಿಸುತ್ತಿದೆ, ಕಥೆಗೆ ಮಾತ್ರ ಮುಪ್ಪಿಲ್ಲ!

ದಾಸರ ಪದ ಬೀದಿಯಿಂದ ದೊಡ್ಡ ಸಭೆಗೂ ಏರಿತು. ಗದಗ ಜಿಲ್ಲೆಯ ರೋಣದಲ್ಲಿ ಹುಟ್ಟಿದ ಪಂಡಿತ್ ಭೀಮಸೇನ ಜೋಶಿ ದಾಸವಾಣಿಯನ್ನು ದೇಶವೆಲ್ಲ ಕೇಳುವಂತೆ ಹಾಡಿದರು. ನಮ್ಮದೇ ರಾಯಚೂರಿನ ಶೇಷಗಿರಿದಾಸರು ದೇವರನಾಮಗಳನ್ನು ಊರೂರಿಗೆ ಒಯ್ದರು. ಓಣಿಯ ಹಾಡಿಗೆ ಎಷ್ಟು ದೂರದ ಪಯಣ ನೋಡಿ!

ಹರಿಕಥಾಮೃತಸಾರವಂತೂ ಮನೆ ಬಿಟ್ಟು ಹೋಗಲೇ ಇಲ್ಲ. ಭಜನಾ ಮಂಡಳಿಯ ಹೆಂಗಸರು ಇಂದಿಗೂ ಸೇರಿ ಸಂಧಿ ಸಂಧಿ ಪಾರಾಯಣ ಮಾಡುತ್ತಾರೆ. ಎಷ್ಟೋ ಜನರಿಗೆ ಪುಸ್ತಕವೇ ಬೇಡ, ಬಾಯಿಪಾಠ!

ಇನ್ನೊಂದೇ ಮಾತು. ಹಟ್ಟಿಯಲ್ಲಿ ಚಿನ್ನ ತೆಗೆಯಲು ಭೂಮಿ ಕೊರೆಯಬೇಕು, ಕಲ್ಲು ಪುಡಿ ಮಾಡಬೇಕು. ಹಾಡು ತೆಗೆಯಲು ಅಷ್ಟೆಲ್ಲ ಬೇಡ. ನಿಮ್ಮ ಮನೆಯ ಅಜ್ಜಿಗೆ, ಪಕ್ಕದ ಮನೆಯ ದೊಡ್ಡಮ್ಮನಿಗೆ, ಊರಿನ ಭಜನೆ ತಾತನಿಗೆ ಬರುವ ಪದಗಳನ್ನು ಈ ವಾರವೇ ಕೂತು ಕೇಳಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಕೊನೆಯ ನುಡಿಯಲ್ಲಿ ಬರುವ ಅಂಕಿತ ಯಾವುದು, ಅದು ಯಾರದು ಎಂದು ಬರೆದಿಡಿ. ಧಾಟಿಯನ್ನೂ ಬಿಡಬೇಡಿ, ಪದಕ್ಕಿಂತ ಮೊದಲು ಕಳೆದುಹೋಗುವುದು ಅದೇ!